ಬೊಜ್ಜು ಕರಗಿಸುವ ಗುಳಿಗೆಯೂ ನಮ್ಮೂರ ಉಪ್ಪಾಗೆಯೂ

ಬೆಂಗಳೂರಿನಲ್ಲಿ ನನ್ನ ಜೊತೆ ರೂಮಿನಲ್ಲಿರುವ ಗೆಳತಿ ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿದಳು. ಬೊಜ್ಜು ಕರಗಿಸುವ ಗುಳಿಗೆ, 60ಕ್ಕೆ ₹700 ಚಿಲ್ಲರೆ. ಮೇಲೆ ದಪ್ಪಕ್ಷರದಲ್ಲಿ 'ಗಾರ್ಸೀನಿಯಾ ಕ್ಯಾಂಬೋಜಿಯಾ' ಅಂತಿತ್ತು. ಪಕ್ಕದಲ್ಲಿ ಪುಟಾಣಿ ಕುಂಬಳಕಾಯಿಯ ಹಾಗೆ ಉದ್ದುದ್ದ ಗೀರುಗಳಿರುವ ಹಳದಿ ಹಣ್ಣಿನ ಚಿತ್ರ. "ಯಾವುದೋ ಫಾರಿನ್ ಹಣ್ಣು ಕಣೆ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಅದು ಉಪ್ಪಾಗೆ. ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅದನ್ನು ಕೊಯ್ಯೋಕೆ ನಮ್ಮಪ್ಪ ಜಡಿಮಳೆಯಲ್ಲಿ ಮರ ಹತ್ತುತ್ತಿದ್ದ.

ಕ್ಯಾಂಬೋಜಿಯಾ ಅನ್ನೋ ಹೆಸರಿನಲ್ಲಿ ಕಾಂಬೋಡಿಯಾ ಇಣುಕುತ್ತದೆ, ನಿಜ. ಆದರೆ ಮರ ನಮ್ಮ ಪಶ್ಚಿಮಘಟ್ಟದ ಮಳೆಕಾಡಿನದ್ದು. ಸಸ್ಯಶಾಸ್ತ್ರಜ್ಞರು ಈಗ ಇದನ್ನು ಗಾರ್ಸೀನಿಯಾ ಗಮ್ಮಿ-ಗಟ್ಟಾ ಅನ್ನುತ್ತಾರೆ. ಮುರುಗಲು, ಮ್ಯಾಂಗೋಸ್ಟೀನ್ ಎಲ್ಲ ಇದರ ಒಡಹುಟ್ಟಿದವು. ಮಲಯಾಳಿಗಳು ಮೀನುಸಾರಿಗೆ ಹಾಕುವ ಕಪ್ಪನೆಯ ಕುಡಂಪುಳಿ ಇದೇ ಹಣ್ಣಿನ ಸಿಪ್ಪೆ. ಕೊಡಗಿನವರ ಪಂದಿಕರಿಗೆ ಬಣ್ಣ ಮತ್ತು ಹುಳಿ ಕೊಡುವ ಕಾಚಂಪುಳಿಯೂ ಇದರದ್ದೇ: ಮಾಗಿದ ಹಣ್ಣನ್ನು ಬುಟ್ಟಿಗೆ ತುಂಬಿ ಕೊಳೆಯಲು ಬಿಟ್ಟು, ಕೆಳಗೆ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಶ್ರೀಲಂಕಾದಲ್ಲಿ ಇದಕ್ಕೆ ಗೊರಕ ಅಂತ ಹೆಸರು.

ನಮ್ಮ ಕಡೆ ಕಥೆ ಸ್ವಲ್ಪ ಬೇರೆ. ಹುಳಿಗೆ ನಮಗೆ ಮುರುಗಲು ಇತ್ತು, ವಾಟೆಹುಳಿ ಇತ್ತು. ಉಪ್ಪಾಗೆಯಲ್ಲಿ ನಮಗೆ ಬೇಕಾಗಿದ್ದು ಬೀಜ. ಅಜ್ಜಿ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸುತ್ತಿದ್ದಳು. ಮೇಲೆ ತೇಲಿ ಬಂದ ಜಿಡ್ಡನ್ನು ಸೌಟಲ್ಲಿ ತೆಗೆದು ಆರಲು ಬಿಟ್ಟರೆ ಹೆಪ್ಪುಗಟ್ಟುತ್ತದೆ. ಅದೇ ಉಪ್ಪಾಗೆ ತುಪ್ಪ. ಎಮ್ಮೆ ಕಟ್ಟಲಾಗದ, ಅಂಗಡಿ ಎಣ್ಣೆಗೆ ದುಡ್ಡಿಲ್ಲದ ಮನೆಯ ತುಪ್ಪ ಅದು. ಬಿಸಿ ದೋಸೆಗೂ ಅದೇ, ಗದ್ದೆ ಕೆಸರಲ್ಲಿ ಒಡೆದ ಹಿಮ್ಮಡಿಗೂ ಅದೇ. ಈ ಹಣ್ಣಿನ 'ಆರೋಗ್ಯ ಲಾಭ' ಏನು ಅಂತ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಡಬ್ಬಿಯ ಮೇಲೆ ಮಾತ್ರ ಇದರ ಸುದ್ದಿಯೇ ಇಲ್ಲ.

ಹಾಗಾದರೆ ಬೊಜ್ಜಿನ ಕಥೆ ಎಲ್ಲಿಂದ ಬಂತು? ಅದರ ಒಂದು ತುದಿ ಮೈಸೂರಿನಲ್ಲಿದೆ. 1965ರಲ್ಲಿ ಅಲ್ಲಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್, ಈ ಹಣ್ಣಿನ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ತೋರಿಸಿದರು. ಚಿಕ್ಕದಾಗಿ ಎಚ್‌ಸಿಎ. ತಿಂದ ಸಕ್ಕರೆ, ಪಿಷ್ಟ ಹೆಚ್ಚಾದಾಗ ದೇಹ ಅದನ್ನು ಕೊಬ್ಬಾಗಿ ಬದಲಿಸುವ ದಾರಿಯಲ್ಲಿ ಒಂದು ಕಿಣ್ವ ಕೆಲಸ ಮಾಡುತ್ತದೆ. ಎಚ್‌ಸಿಎ ಆ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ ಅಂತ 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಗೊತ್ತಾಯಿತು. 1970ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದಾಗ ಅವು ಕಡಿಮೆ ತಿಂದವು, ತೂಕವೂ ಕಡಿಮೆ ಏರಿತು. ಇಷ್ಟು ಸಾಕಾಯಿತು ಮಾರುಕಟ್ಟೆಗೆ.

ಆದರೆ ಮನುಷ್ಯ ಇಲಿಯಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯನ ದೇಹ ಸಕ್ಕರೆಯಿಂದ ಹೊಸದಾಗಿ ಕೊಬ್ಬು ತಯಾರಿಸುವುದೇ ಕಡಿಮೆ. ಮುಚ್ಚಿರುವ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ ಹಾಗೆ. 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆ ಜಾಮಾದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಎಲ್ಲರಿಗೂ ಒಂದೇ ಪಥ್ಯ. ಅರ್ಧ ಜನಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಔಷಧವೇ ಇಲ್ಲದ ಸುಳ್ಳು ಗುಳಿಗೆ. ಎಚ್‌ಸಿಎ ತಿಂದವರು ಸರಾಸರಿ 3.2 ಕೆ.ಜಿ. ಇಳಿದರು, ಸುಳ್ಳು ಗುಳಿಗೆ ತಿಂದವರು 4.1 ಕೆ.ಜಿ. ಲೆಕ್ಕಶಾಸ್ತ್ರದ ಪ್ರಕಾರ ಈ ಎರಡಕ್ಕೂ ವ್ಯತ್ಯಾಸವಿಲ್ಲ. ಅಂದ್ರೆ ಇಳಿಸಿದ್ದು ಪಥ್ಯ. 2011ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲಾಭ 0.88 ಕೆ.ಜಿ. ಅದರಲ್ಲೂ ಕಟ್ಟುನಿಟ್ಟಾಗಿ ನಡೆಸಿದ ಪರೀಕ್ಷೆಗಳನ್ನಷ್ಟೇ ಲೆಕ್ಕಕ್ಕೆ ತಗೊಂಡರೆ ಅದೂ ಮಾಯ.

ಆದರೂ ವ್ಯಾಪಾರ ನಿಲ್ಲಲಿಲ್ಲ. ಅಮೆರಿಕದ ಟಿವಿ ಡಾಕ್ಟರ್ ಮೆಹ್ಮೆತ್ ಓಜ್ ತನ್ನ ಶೋನಲ್ಲಿ ಇದನ್ನು ಹೊಗಳಿದ್ದೇ ಹೊಗಳಿದ್ದು. ಇಂಥ ಹೊಗಳಿಕೆಗಳಿಗಾಗಿ 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿಯೊಂದು ಅವರನ್ನು ಕೂರಿಸಿ ತರಾಟೆಗೆ ತಗೊಂಡಿತು. ಅದೇ ಓಜ್ 2025ರಲ್ಲಿ ಟ್ರಂಪ್ ಸರ್ಕಾರದ ಮೆಡಿಕೇರ್, ಮೆಡಿಕೇಡ್ ಸಂಸ್ಥೆಯ ಮುಖ್ಯಸ್ಥರಾದರು. ಇರಲಿ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವೊಂದಿದೆ. 2004ರಿಂದ 2018ರವರೆಗಿನ ಅವರ ದಾಖಲೆಯಲ್ಲಿ ಗಾರ್ಸೀನಿಯಾ ಗುಳಿಗೆ ತಿಂದು ಯಕೃತ್ತು ಕೆಡಿಸಿಕೊಂಡವರು 22 ಮಂದಿ. ಹೆಚ್ಚಿನವರ ಗುಳಿಗೆಯಲ್ಲಿ ಗ್ರೀನ್ ಟೀ ಸಾರವೂ ಬೆರೆತಿತ್ತು, ಐವರದ್ದರಲ್ಲಿ ಮಾತ್ರ ಬೇರೆ ಯಾವ ಶಂಕಿತ ಗಿಡಮೂಲಿಕೆಯೂ ಇರಲಿಲ್ಲ. ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಇಂಥ ಗುಳಿಗೆ ತಿನ್ನಲೇಬೇಡಿ ಅಂದಿದೆ. ತಿಂದವರಿಗೆಲ್ಲ ಹೀಗಾಗುತ್ತದೆ ಅಂತಲ್ಲ, ಆಗೋದು ಅಪರೂಪಕ್ಕೆ. ಆದರೆ ಸಿಗುವ ಲಾಭ ಹೆಚ್ಚುಕಡಿಮೆ ಸೊನ್ನೆ ಆಗಿರುವಾಗ ಅಪರೂಪದ ಅಪಾಯವನ್ನಾದರೂ ಯಾಕೆ ತಗೋಬೇಕು? ಈಗಾಗಲೇ ತಿನ್ನುತ್ತಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ, ಕಾರಣವಿಲ್ಲದೆ ಸುಸ್ತು ವಾಕರಿಕೆ ಶುರುವಾದರೆ ಗುಳಿಗೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ, ಡಬ್ಬಿಯನ್ನೂ ಒಯ್ದು ತೋರಿಸಿ. ಸಾರಿಗೆ ಹಾಕುವ ಎರಡು ತುಂಡು ಸಿಪ್ಪೆಗೂ ದಿನಾ ನುಂಗುವ ಸಾಂದ್ರ ಸಾರಕ್ಕೂ ಹೋಲಿಕೆಯಿಲ್ಲ. ಕುಡಂಪುಳಿ ಮೀನುಸಾರು ಬಿಡಬೇಕಿಲ್ಲ.

ಈಗ ಕಾಡಿನ ಕಡೆಗೆ ಬರೋಣ, ಯಾಕಂದ್ರೆ ಗುಳಿಗೆಯ ಬಿಲ್ಲು ಅಲ್ಲೂ ಹರಿದಿದೆ.

ಮೊದಲು ಉತ್ತರ ಕನ್ನಡದ ಉಪ್ಪಾಗೆ ಸಿಪ್ಪೆ ಹೆಚ್ಚಾಗಿ ಕೇರಳದ ಅಡುಗೆಮನೆಗಳಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಗುಳಿಗೆ ಕಂಪನಿಗಳು ಬಂದವು, ಬೆಲೆ ಜಿಗಿಯಿತು. ಬೆಲೆ ಬಂದ ಮೇಲೆ ಮೀಸಲು ಅರಣ್ಯದ ಮರ ಮೊದಲು ಹೋದವರ ಪಾಲು. ಹಣ್ಣಾಗಲಿ ಅಂತ ನಾನು ಕಾದರೆ ನಾಳೆ ಇನ್ನೊಬ್ಬರು ಕೊಯ್ಯುತ್ತಾರೆ. ಹಾಗಾಗಿ ಎಲ್ಲರೂ ಕಾಯಿಯನ್ನೇ ಕೊಯ್ದರು, ಅವಸರಕ್ಕೆ ಕೊಂಬೆಯನ್ನೂ ಕಡಿದರು. ಕಾಯಲ್ಲಿ ಬೀಜ ಬಲಿತಿರುವುದಿಲ್ಲ. ಬಲಿಯದ ಬೀಜದಲ್ಲಿ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಇದು ಮಳೆಗಾಲದ ಊಟ, ಅವಕ್ಕೂ ಖೋತಾ. ಹಣ್ಣು ಬರೋದೇ ಸುರಿಯುವ ಮಳೆಯಲ್ಲಿ. ಬಿಸಿಲಿಲ್ಲದೆ ಒಲೆಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿರಾಶಿ ಕಟ್ಟಿಗೆ ಬೇಕು. ಆ ಹೊಗೆಯಲ್ಲಿ ಕೂತು ಕೆಮ್ಮಿದ್ದು ನಮ್ಮಮ್ಮ.

"ಕಾಡು ಹಾಳು ಮಾಡಿದ್ದು ನೀವೇ" ಅನ್ನೋರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸವಲತ್ತಿದೆ, ಎಕರೆ ತೋಟಕ್ಕೆ 9 ಎಕರೆವರೆಗೆ. ಅಲ್ಲಿನ ಮರಕ್ಕೆ ಬೇರೆಯವರು ಕೈ ಹಾಕುವುದಿಲ್ಲ, ಹಾಗಾಗಿ ಅವರು ಹಣ್ಣಾಗುವವರೆಗೆ ಕಾಯಬಲ್ಲರು. ತೋಟವಿಲ್ಲದವರಿಗೆ ಆ ಪುರುಸೊತ್ತಿಲ್ಲ. ನಮ್ಮಪ್ಪ ಅವಸರ ಮಾಡಿದ್ದು ದುರಾಸೆಗಲ್ಲ, ಮರದ ಮೇಲೆ ಅವನಿಗೆ ಹಕ್ಕಿರಲಿಲ್ಲ.

ಹಕ್ಕು ಕಾಗದದ ಮೇಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಸಿ) ಪ್ರಕಾರ ಕಿರು ಅರಣ್ಯ ಉತ್ಪನ್ನದ ಒಡೆತನ, ಸಂಗ್ರಹ, ಮಾರಾಟ ಎಲ್ಲವೂ ಕಾಡಿನ ಅವಲಂಬಿತರದ್ದು. 2012ರ ತಿದ್ದುಪಡಿ ನಿಯಮಗಳು ಅದನ್ನು ಸಂಸ್ಕರಿಸುವ, ಸಾಗಿಸುವ ಹಕ್ಕನ್ನೂ ಬಿಡಿಸಿ ಹೇಳಿದವು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ನಮ್ಮಂಥವರು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದೆವು ಅಂತ ಸಾಬೀತು ಮಾಡಬೇಕು. ಓದು ಬರಹ ಬಾರದ ಅಜ್ಜಿ ಯಾವ ದಾಖಲೆ ಇಟ್ಟಿದ್ದಾಳು? ನಾನು ಕಂಡಂತೆ ನಮ್ಮ ಕಡೆ ನಡೆದದ್ದು ಟೆಂಡರು: ಗುತ್ತಿಗೆದಾರ ಕಾಡಿನ ಫಸಲು ಹಿಡಿಯುತ್ತಿದ್ದ, ಅಪ್ಪ ಅವನು ಹೇಳಿದ ದರಕ್ಕೆ ತೂಗಿಸಿ ಬರುತ್ತಿದ್ದ. ತಕ್ಕಡಿ ಅವನದ್ದು, 'ಸಿಪ್ಪೆ ಹಸಿಯಿದೆ' ಅಂತ ಕಳೆಯುವ ತೂಕವೂ ಅವನದ್ದು.

ಗೆಳತಿಗೆ ಇಷ್ಟೆಲ್ಲ ಹೇಳಿದೆ. ಗುಳಿಗೆ ನಿಲ್ಲಿಸಿದ್ದಾಳೆ, ಆದರೆ ₹700 ಕೊಟ್ಟಿದ್ದೀನಿ ಅಂತ ಡಬ್ಬಿಯನ್ನು ಎಸೆಯದೆ ಕಪಾಟಿನ ಮೇಲಿಟ್ಟಿದ್ದಾಳೆ. ಅಮ್ಮ ಊರಿಂದ ಕಳಿಸಿದ್ದ ಉಪ್ಪಾಗೆ ತುಪ್ಪವನ್ನು ಮಾತ್ರ ದೋಸೆಗೆ ಹಚ್ಚಿ ಹಚ್ಚಿ ಒಂದೇ ವಾರದಲ್ಲಿ ಮುಗಿಸಿದಳು. ಅದರಲ್ಲಿರೋದು ಬರೀ ಕೊಬ್ಬು ಕಣೆ ಅಂತ ಹೇಳಿದ ಮೇಲೂ.