‘ನಾನು ಕಾರಲ್ಲೇ ಕೂತಿರ್ತೀನಿ’ ಅನ್ನುವ ಮುನ್ನ

‘ನೀವು ಹೋಗಿ ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ.’

ಅಮೆರಿಕಕ್ಕೆ ಮಕ್ಕಳ ಮನೆಗೆ ಬರುವ ನಮ್ಮ ಹಿರಿಯರು ಒಮ್ಮೆಯಾದರೂ ಹೇಳುವ ಮಾತಿದು. ಮಂಡಿ ನೋವು, ಅಂಗಡಿಯಲ್ಲಿ ಗೊತ್ತಿಲ್ಲದ ಭಾಷೆ, ‘ನನ್ನಿಂದ ಇವರಿಗೆ ತಡ ಆಗಬಾರದು’ ಎಂಬ ಸಂಕೋಚ, ಹೀಗೆ ಕಾರಣಗಳು ಹಲವು. ನಮ್ಮ ಅಮ್ಮನೂ ಹಾಗೇ ಅಂದರು. ಲಾಸ್ ಏಂಜಲೀಸ್ ಬಳಿಯ ಆರ್ಟೇಷಿಯಾದಲ್ಲಿ ಪಯೊನೀರ್ ಬುಲೆವಾರ್ಡ್ ಎಂಬ ರಸ್ತೆಯಿದೆ. ಸೀರೆ, ಸಾಂಬಾರು ಪುಡಿ, ಸಿಹಿತಿಂಡಿ ಎಲ್ಲ ಸಿಗುವ ಭಾರತೀಯರ ಪೇಟೆ ಅದು. ಹತ್ತು ನಿಮಿಷದ ಕೆಲಸ ಎಂದು ಇಳಿದೆವು. ಹೊರಗೆ ಹೆಚ್ಚೆಂದರೆ 27 ಡಿಗ್ರಿ, ತಂಗಾಳಿಯೂ ಇತ್ತು. ‘ದಾವಣಗೆರೆ ಬಿಸಿಲು ಕಂಡವಳು ನಾನು, ಇದೇನು ಮಹಾ’ ಎಂದು ಅಮ್ಮ ನಕ್ಕರು.

ಬಿಲ್ಲಿನ ಸಾಲು ಉದ್ದವಿತ್ತು. ವಾಪಸ್ ಬರುವಾಗ 25 ನಿಮಿಷ ಕಳೆದಿತ್ತು. ಅಮ್ಮನ ಮುಖ ಕೆಂಪಾಗಿತ್ತು, ರವಿಕೆ ತೊಯ್ದಿತ್ತು, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕಿಟಕಿಯ ಬಟನ್ ಒತ್ತಿದರೆ ಗಾಜು ಇಳಿಯಲಿಲ್ಲವಂತೆ. ಎಂಜಿನ್ ಆಫ್ ಆದ ಮೇಲೆ ಇಳಿಯುವುದೂ ಇಲ್ಲ. ನಾವು ರಿಮೋಟಿನಿಂದ ಲಾಕ್ ಮಾಡಿ ಹೋಗಿದ್ದೆವು, ಒಳಗಿನಿಂದ ಬಾಗಿಲು ತೆಗೆದರೆ ಸೈರನ್ ಕೂಗುತ್ತದೆ ಎಂಬ ಭಯ ಅವರಿಗೆ. ‘ಜನ ಸೇರಿ ಪೊಲೀಸರು ಬಂದರೆ ನಿಮಗೆ ತೊಂದರೆ ಅಂತ ಸುಮ್ಮನಿದ್ದೆ’ ಎಂದರು. ನೀರು ಕುಡಿಸಿ, ನೆರಳಲ್ಲಿ ಕೂರಿಸಿ, ತಲೆಸುತ್ತು ಇಳಿಯಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯನ್ನು ನಾವು ಮರೆತಿಲ್ಲ.

ಆ ವರ್ಷದ ಬೇಸಿಗೆಯಲ್ಲೇ ನಮ್ಮ ಹಳೆಯ ಕಾರಿನ ಎಸಿ ಕೈಕೊಟ್ಟಿತು. ರಿಪೇರಿಗೆ ಕೇಳಿದ ಹಣ ನೋಡಿ, ಎಸಿ ಇಲ್ಲದೆ ಕಾರನ್ನು ತಂಪಾಗಿಡಲು ಸಾಧ್ಯವೇ ಎಂದು ಹುಡುಕಲು ಹೊರಟೆವು. ಲೆಕ್ಕ ಬರೆಯುವುದೇ ನಮ್ಮ ಕಸುಬು. ಹಾಗಾಗಿ ಪ್ರತಿ ಉಪಾಯದ ಮುಂದೆಯೂ ಜಮಾ–ಖರ್ಚು ಬರೆದುಕೊಂಡೆವು. ಅದರ ಫಲಿತಾಂಶ ಇಲ್ಲಿದೆ. ಇಲ್ಲಿರುವ ಮಕ್ಕಳಿಗೂ ಊರಲ್ಲಿರುವ ಅಪ್ಪ–ಅಮ್ಮಂದಿರಿಗೂ ಉಪಯೋಗವಾದೀತು.

ಒಂದೇ ಊರು, ಹಲವು ಹವೆ

ದಕ್ಷಿಣ ಕ್ಯಾಲಿಫೋರ್ನಿಯಾ ಎಂದರೆ ಸಮುದ್ರ, ತಂಪು ಎಂಬ ಭಾವನೆ ನಮ್ಮಲ್ಲಿದೆ. ಅದು ದಡದ ಮಾತು. ಸಾಂಟಾ ಮೋನಿಕಾದಲ್ಲಿ ಹಿತವಾಗಿರುವ ದಿನವೇ ಬೆಟ್ಟದ ಆಚೆಯ ಸ್ಯಾನ್ ಫರ್ನಾಂಡೊ ವ್ಯಾಲಿ ಕಾದ ಕಾವಲಿಯಾಗಿರುತ್ತದೆ. 2020ರ ಸೆಪ್ಟೆಂಬರ್ 6ರಂದು ಅಲ್ಲಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ 121 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 49.4 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ತಂಪೂರು ಎಂದೇ ಹೆಸರಾದ ಸ್ಯಾನ್ ಡಿಯೇಗೊ ಕೂಡ 1963ರ ಸೆಪ್ಟೆಂಬರ್ 26ರಂದು 43.9 ಡಿಗ್ರಿ ಕಂಡಿದೆ. ಮರುಭೂಮಿಯ ಕಡೆಯಿಂದ ಬೀಸುವ ‘ಸಾಂಟಾ ಆನಾ’ ಎಂಬ ಒಣಗಾಳಿಯಿಂದಾಗಿ ಇಲ್ಲಿ ಬಿಸಿಲಿನ ಕಾಟ ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ಎಳೆಯುತ್ತದೆ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ನಡುವೆ ಸುಮಾರು 190 ಕಿ.ಮೀ. ದೂರ. ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಮೂರು ಗಂಟೆಗೂ ಮೀರಬಹುದು. ಎಸಿ ಇಲ್ಲದ ಕಾರಿನ ಗೋಳು ಅರಿವಾಗುವುದು ಆಗಲೇ.

ಎಸಿ ಬರುವ ಮುನ್ನ ಇಲ್ಲಿದ್ದ ಉಪಾಯ

1940ರ ಮಾಡೆಲಿನ ಪ್ಯಾಕಾರ್ಡ್ ಕಾರುಗಳಲ್ಲಿ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಎಸಿ ಕೂರಿಸಿ ಕೊಟ್ಟರು. ಅದು ಸಿರಿವಂತರ ಸೊತ್ತಾಗಿತ್ತು. ಉಳಿದವರು ಮೊಹಾವಿ ಮರುಭೂಮಿ ದಾಟಿ ಲಾಸ್ ಏಂಜಲೀಸಿಗೆ ಬರುತ್ತಿದ್ದುದು ಹೇಗೆ? ಕಾರಿನ ಕಿಟಕಿಗೆ ಹೊರಗಿನಿಂದ ಸಿಕ್ಕಿಸುವ, ಡಬ್ಬಿಯಾಕಾರದ ನೀರಿನ ಕೂಲರ್ ಇತ್ತು. ಲಾಸ್ ಏಂಜಲೀಸಿನದೇ ಆದ ಥರ್ಮಡಾರ್ ಕಂಪನಿಯ ಕೂಲರ್‌ಗಳು ಆಗ ಹೆಸರುವಾಸಿ. ಕಾರು ಓಡುವಾಗ ಗಾಳಿ ಡಬ್ಬಿಯೊಳಗೆ ನುಗ್ಗುತ್ತದೆ, ನೀರಲ್ಲಿ ನೆನೆದ ಪದರದ ಮೂಲಕ ಹಾದು ತಂಪಾಗಿ ಒಳಗೆ ಬರುತ್ತದೆ. ಮೋಟಾರ್ ಇಲ್ಲ, ಕರೆಂಟ್ ಬೇಡ. ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಇವನ್ನು ಈಗಲೂ ನೋಡಬಹುದು.

ನಮಗೆ ಇದು ಹೊಸ ವಿದ್ಯೆಯಲ್ಲ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು, ಕಲಬುರಗಿ–ರಾಯಚೂರಿನ ಮನೆಗಳಲ್ಲಿ ಕೂಲರ್ ತಂಪು ಕೊಡುವುದು ಎಲ್ಲ ಇದೇ ತತ್ವದಿಂದ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆದರೆ ಗಾಳಿ ಒಣಗಿದ್ದರೆ ಮಾತ್ರ ಈ ಆಟ ನಡೆಯುತ್ತದೆ. 40 ಡಿಗ್ರಿ ಬಿಸಿಲು, ಶೇ 15ರಷ್ಟು ತೇವಾಂಶ ಇರುವ ಮರುಭೂಮಿಯಲ್ಲಿ ಆವಿಯಾಗುವ ನೀರು ಗಾಳಿಯನ್ನು ಹೆಚ್ಚೆಂದರೆ 21 ಡಿಗ್ರಿವರೆಗೆ ಇಳಿಸಬಲ್ಲದು. ಅದೇ ಮಂಗಳೂರಿನಂಥ ಕಡೆ 33 ಡಿಗ್ರಿ, ಶೇ 75ರ ತೇವಾಂಶ ಇದ್ದರೆ 29ಕ್ಕಿಂತ ಕೆಳಗೆ ಇಳಿಸಲಾರದು. ಇದು ಗರಿಷ್ಠ ಮಿತಿ, ನಿಜವಾದ ಕೂಲರ್ ಅಷ್ಟೂ ಕೊಡುವುದಿಲ್ಲ. ಹಾಗಾಗಿ ನೀರಿನ ಕೂಲರ್ ಒಳನಾಡಿಗೆ ಸರಿ, ಸ್ಯಾನ್ ಡಿಯೇಗೊ ಕಡಲ ದಡಕ್ಕೆ ಅಷ್ಟು ಸರಿಯಲ್ಲ, ಮಂಗಳೂರಿಗೆ ದಂಡ. ಇನ್ನೂ ಒಂದು ಮಾತು: ಕಿಟಕಿಗೆ ಸಿಕ್ಕಿಸುವ ಆ ಡಬ್ಬಿ ಕೆಲಸ ಮಾಡುವುದು ಕಾರು ಓಡುವಾಗ ಮಾತ್ರ. ನಿಂತ ಕಾರಿಗೆ ಅದರಿಂದ ಪ್ರಯೋಜನವಿಲ್ಲ.

ಐಸಿನ ಲೆಕ್ಕ

ಥರ್ಮೊಕೋಲ್ ಡಬ್ಬಿಗೆ ಐಸ್ ತುಂಬಿ ಮೇಲೆ ಸಣ್ಣ ಫ್ಯಾನ್ ಕೂರಿಸಿದರೆ ಕಾರು ತಂಪಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಮಾಡಿ ನೋಡಿದೆವು. ಡಬ್ಬಿಯ ಎದುರು ಕೈ ಹಿಡಿದರೆ ತಂಪು, ಹಿಂದಿನ ಸೀಟಿನಲ್ಲಿ ಅದೇ ಬಿಸಿ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೂಲ್. 10 ಕಿಲೋ ಐಸ್ ಹಾಕಿದರೆ 3,340. ಕಾರಿನ ಎಸಿ ಸೆಕೆಂಡಿಗೆ 4 ಕಿಲೋಜೂಲ್ ಶಾಖ ಹೊರಹಾಕುತ್ತದೆ ಎಂದು ಹಿಡಿದರೂ, ನಮ್ಮ 10 ಕಿಲೋ ಐಸ್ ಮಾಡುವ ಕೆಲಸವನ್ನು ಅದು 14 ನಿಮಿಷದಲ್ಲಿ ಮುಗಿಸುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಹೀರುತ್ತದೆ, ಅಂದರೆ ಒಂದು ಕಿಲೋ ಐಸಿನ ಏಳು ಪಟ್ಟು. ಐಸ್ ಹೊತ್ತು ತರುವುದಕ್ಕಿಂತ ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡು ಕಿಟಕಿ ತೆರೆಯುವುದೇ ಲಾಭ. ಕಾರು ಪೂರ್ತಿ ತಣ್ಣಗಾಗಬೇಕಿಲ್ಲ, ಕೂತವರು ತಣ್ಣಗಿದ್ದರೆ ಸಾಕಲ್ಲವೇ?

ಒಂದು ಎಚ್ಚರಿಕೆ: ಕೆಲವರು ಡ್ರೈ ಐಸ್ ಬಳಸಲು ಹೋಗುತ್ತಾರೆ. ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮುಚ್ಚಿದ ಕಾರಿನಲ್ಲಿ ಅದು ಅನಿಲವಾದರೆ ಉಸಿರುಗಟ್ಟಿ ಜೀವವೇ ಹೋಗಬಹುದು. ಬೇಡವೇ ಬೇಡ.

ಶಾಖವನ್ನು ಒಳಗೆ ಬಿಡದಿರುವುದೇ ಉಳಿತಾಯ

ಕಾರಿನೊಳಗಿನ ಗಾಳಿಯ ತೂಕ ಮೂರ್ನಾಲ್ಕು ಕಿಲೋ ಅಷ್ಟೇ. ನಾಲ್ಕೂ ಬಾಗಿಲು ತೆಗೆದರೆ ಒಂದು ನಿಮಿಷದಲ್ಲಿ ಬಿಸಿಗಾಳಿ ಹೊರಟುಹೋಗುತ್ತದೆ. ಒಂದು ಕಡೆಯ ಕಿಟಕಿ ಇಳಿಸಿ, ಎದುರು ಬದಿಯ ಬಾಗಿಲನ್ನು ಐದಾರು ಸಲ ಬೀಸಣಿಗೆಯಂತೆ ಆಡಿಸಿದರೂ ಆಗುತ್ತದೆ. ಆದರೆ ಡ್ಯಾಶ್‌ಬೋರ್ಡ್, ಸೀಟು, ಸ್ಟೀರಿಂಗ್ ಹೀರಿಕೊಂಡ ಶಾಖ ಅಲ್ಲೇ ಉಳಿದಿರುತ್ತದೆ. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಬರುತ್ತದೆ, ಒಳಗೆ ಕಾದ ವಸ್ತುಗಳ ಶಾಖ ಗಾಜು ದಾಟಿ ಹೊರಹೋಗಲಾರದು. ಆದ್ದರಿಂದ ಬಂದ ಶಾಖವನ್ನು ಓಡಿಸುವುದಕ್ಕಿಂತ ಬರದಂತೆ ತಡೆಯುವುದು ಅಗ್ಗ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಮಡಚುವ ಪರದೆ, ಸ್ಟೀರಿಂಗ್ ಮೇಲೊಂದು ಬಿಳಿ ಟವೆಲ್, ಸಿಕ್ಕರೆ ಮರದ ನೆರಳು. ನಾವು ಮಾಡಿದ ಖರ್ಚುಗಳಲ್ಲಿ ಸಾರ್ಥಕವಾದದ್ದು ಆ ಪರದೆಯೊಂದೇ.

ಕಾರಿನ ಬಣ್ಣಕ್ಕೂ ಲೆಕ್ಕವಿದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಸ್ಯಾಕ್ರಮೆಂಟೊದಲ್ಲಿ ಕಪ್ಪು ಮತ್ತು ಬೆಳ್ಳಿ ಬಣ್ಣದ ಒಂದೇ ಮಾದರಿಯ ಎರಡು ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದು, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಕಾರಿನ ಚಾವಣಿ 25 ಡಿಗ್ರಿವರೆಗೆ ತಂಪಾಗಿತ್ತು, ಒಳಗಿನ ಗಾಳಿ 5ರಿಂದ 6 ಡಿಗ್ರಿ ಕಡಿಮೆಯಿತ್ತು. ಮುಂದಿನ ಸಲ ಕಾರು ಕೊಳ್ಳುವಾಗ ನೆನಪಿಡಬೇಕಾದ ಮಾತು.

ಬಿಸಿಲನ್ನು ಹಿಂದಕ್ಕೆ ಕಳಿಸುವ ಗಾಜನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಲು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ 2009ರಲ್ಲಿ ನಿಯಮ ಅಂಗೀಕರಿಸಿತ್ತು. ಮೊಬೈಲ್ ಸಿಗ್ನಲ್‌ಗೆ ಅಡ್ಡಿಯಾಗುತ್ತದೆ ಎಂಬ ಆಕ್ಷೇಪ ಬಂದು 2010ರಲ್ಲಿ ಕೈಬಿಟ್ಟಿತು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಲೂ ಇಲ್ಲಿ ಮಿತಿಯಿದೆ. ಮುಂದಿನ ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಲೇಬೇಕು.

ನಿಂತ ಕಾರಿಗೆ ಉಪಾಯವಿಲ್ಲ

ಇಷ್ಟೆಲ್ಲ ಓದಿ ‘ಹಾಗಾದರೆ ಪರದೆ ಹಾಕಿ, ಗಾಜು ಎರಡು ಬೆರಳು ಇಳಿಸಿ ಅಮ್ಮನನ್ನು ಕೂರಿಸಬಹುದಲ್ಲ’ ಎಂದು ಯಾರೂ ತಿಳಿಯಬಾರದು. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಂದು ಗಂಟೆಯಲ್ಲಿ ಕಾರಿನೊಳಗೆ 47 ಡಿಗ್ರಿ ಮುಟ್ಟಬಹುದು. ಏರುವ ಶಾಖದಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಗಾಜನ್ನು ಸ್ವಲ್ಪ ಇಳಿಸಿದರೆ ಹೇಳಿಕೊಳ್ಳುವಷ್ಟು ವ್ಯತ್ಯಾಸವಾಗುವುದಿಲ್ಲ. ನಮ್ಮ ಅಮ್ಮ ಕೂತಿದ್ದು 25 ನಿಮಿಷ. ಇದನ್ನು ಓದಿದಾಗ ನಮಗೆ ಮೈ ನಡುಗಿತು.

ನೆರಳೂ ಪೂರ್ತಿ ಕಾಯುವುದಿಲ್ಲ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅರಿಜೋನಾದ ಸುಡುಬೇಸಿಗೆಯಲ್ಲಿ ನಡೆಸಿದ ಪರೀಕ್ಷೆಯ ವಿವರ 2018ರಲ್ಲಿ ಪ್ರಕಟವಾಯಿತು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69 ಡಿಗ್ರಿ. ನೆರಳಲ್ಲಿದ್ದವುಗಳ ಒಳಗೂ ಸುಮಾರು 38 ಡಿಗ್ರಿ. ಎರಡು ವರ್ಷದ ಮಗುವಿಗೆ ಬಿಸಿಲಿನ ಕಾರಿನಲ್ಲಿ ಸುಮಾರು ಒಂದು ಗಂಟೆಯಲ್ಲಿ, ನೆರಳಿನ ಕಾರಿನಲ್ಲಿ ಎರಡು ಗಂಟೆಯೊಳಗೆ ಜೀವಕ್ಕೆ ಅಪಾಯವಾಗುವಷ್ಟು ಮೈ ಕಾಯಬಹುದು ಎಂದು ಅವರು ಲೆಕ್ಕ ಹಾಕಿದರು.

ಬಿಸಿ ಕಾರಿನೊಳಗೆ ಸಿಲುಕಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 37 ಮಕ್ಕಳು ಸಾಯುತ್ತಿದ್ದಾರೆ ಎಂದು 1998ರಿಂದ ಇಟ್ಟಿರುವ ಲೆಕ್ಕ ಹೇಳುತ್ತದೆ. ಅರ್ಧಕ್ಕೂ ಹೆಚ್ಚು ಪ್ರಕರಣಗಳಲ್ಲಿ ಹೆತ್ತವರೋ ಮನೆಯವರೋ ಮಗು ಹಿಂದೆ ಇರುವುದನ್ನೇ ಮರೆತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 2002ರಿಂದ ‘ಕೇಟ್ಲಿನ್ ಕಾನೂನು’ ಜಾರಿಯಲ್ಲಿದೆ. ಕಾರಿನಲ್ಲೇ ಶಾಖಕ್ಕೆ ಬಲಿಯಾದ ಹಸುಗೂಸಿನ ಹೆಸರು ಅದು. ಆರು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿಗೆ ಅಪಾಯವಾಗುವ ಸ್ಥಿತಿಯಲ್ಲಿ, ಅಥವಾ ಎಂಜಿನ್ ಚಾಲೂ ಇಟ್ಟು ಇಲ್ಲವೇ ಕೀಲಿ ಅದರಲ್ಲೇ ಬಿಟ್ಟು, ಜೊತೆಗೆ ಕನಿಷ್ಠ 12 ವರ್ಷದವರೊಬ್ಬರು ಇಲ್ಲದೆ ಕಾರಿನಲ್ಲಿ ಬಿಟ್ಟುಹೋಗುವಂತಿಲ್ಲ. ಬಿಟ್ಟರೆ 100 ಡಾಲರ್ ದಂಡ. ಕಾರಿನಲ್ಲಿ ಒದ್ದಾಡುವ ನಾಯಿಯನ್ನು ಕಂಡರೆ, ಮೊದಲು ಪೊಲೀಸರಿಗೆ ತಿಳಿಸಿ, ಬೇರೆ ದಾರಿಯಿಲ್ಲದಿದ್ದರೆ ಗಾಜು ಒಡೆದು ಬಿಡಿಸಲು 2017ರಿಂದ ಸಾರ್ವಜನಿಕರಿಗೂ ಅವಕಾಶವಿದೆ.

ಇವೆಲ್ಲ ಮಗುವಿಗೆ, ನಾಯಿಗೆ ಇರುವ ಕಾನೂನು. ‘ನಾನು ಕೂತಿರ್ತೀನಿ’ ಎನ್ನುವ 70ರ ತಾಯಿಯನ್ನು ಕಾಯಬೇಕಾದವರು ಮನೆಯವರೇ. ವಯಸ್ಸಾದಂತೆ ಬೆವರುವುದು ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ರಕ್ತದೊತ್ತಡಕ್ಕೆ ನೀರು ಇಳಿಸುವ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ಮನೆಯ ನಿಯಮ

ಈಗ ನಮ್ಮ ಮನೆಯಲ್ಲಿ ಕೆಲವು ನಿಯಮಗಳಿವೆ. ಕಾರು ನಿಂತರೆ ಎಲ್ಲರೂ ಇಳಿಯಬೇಕು. ಮಂಡಿ ನೋವಿದ್ದವರನ್ನು ಮೊದಲು ಅಂಗಡಿಯ ಬಾಗಿಲಲ್ಲಿ ಇಳಿಸಿ, ಕುರ್ಚಿ ತೋರಿಸಿ, ಆಮೇಲೆ ಪಾರ್ಕಿಂಗ್. ದೂರದ ಪ್ರಯಾಣ ಬೆಳಗಿನ ಜಾವ. ತಲೆಗೊಂದು ಬಾಟಲಿ ನೀರು, ಒಂದು ಒದ್ದೆ ಟವೆಲ್. ಊರಿನಿಂದ ಬಂದವರಿಗೆ ಮೊದಲ ದಿನವೇ ಒಳಗಿನಿಂದ ಬಾಗಿಲು ತೆಗೆಯುವುದು, ಹಾರ್ನ್ ಒತ್ತುವುದು ಕಲಿಸುತ್ತೇವೆ. ‘ಸೈರನ್ ಕೂಗಿದರೆ ಕೂಗಲಿ, ಪೊಲೀಸರು ಬಂದರೆ ಬರಲಿ, ನೀವು ಇಳಿಯಿರಿ’ ಎಂದು ಸ್ಪಷ್ಟವಾಗಿ ಹೇಳುತ್ತೇವೆ.

ಎಸಿಯನ್ನು ಕೊನೆಗೆ ರಿಪೇರಿ ಮಾಡಿಸಿದೆವು. ಅಮ್ಮ ಮೊನ್ನೆ ಫೋನಿನಲ್ಲಿ ಮುಂದಿನ ಬೇಸಿಗೆಗೆ ಬರುವ ಮಾತಾಡಿದರು. ‘ಈ ಸಲ ಅಂಗಡಿಯೊಳಗೇ ಬರ್ತೀನಿ, ಕೂರೋಕೆ ಜಾಗ ಇರುತ್ತಲ್ಲ?’ ಎಂದು ಕೇಳಿದರು. ಇರುತ್ತದೆ ಎಂದೆವು. ಇಲ್ಲದಿದ್ದರೆ ಕಾರಿನ ಡಿಕ್ಕಿಯಲ್ಲಿ ಮಡಚುವ ಕುರ್ಚಿಯೊಂದನ್ನು ಈಗಾಗಲೇ ಇಟ್ಟಿದ್ದೇವೆ.