ಸೀಸದ ಗುಂಡು, ಹಿತ್ತಾಳೆ ಕೇಸ್, ಮಧ್ಯೆ ಒಂದು ಡೈ

ಮಷೀನ್ ಡ್ರಾಯಿಂಗ್‌ನಲ್ಲಿ ಫಿಟ್ಸ್ ಅಂಡ್ ಟಾಲರೆನ್ಸಸ್ ಬಂದಾಗ ನಾವೆಲ್ಲ ಮೂರು ಹೆಸರು ಬಾಯಿಪಾಠ ಮಾಡಿದ್ದೀವಿ: ಕ್ಲಿಯರೆನ್ಸ್, ಟ್ರಾನ್ಸಿಷನ್, ಇಂಟರ್ಫರೆನ್ಸ್. ಒಂದು ಶಾಫ್ಟ್, ಒಂದು ಹೋಲ್, ಎರಡು ಮಾರ್ಕಿನ ಪ್ರಶ್ನೆ, ಮುಗೀತು. ಆದರೆ ಇಂಟರ್ಫರೆನ್ಸ್ ಫಿಟ್‌ನಲ್ಲಿ ಒಳಗೆ ಹೋಗೋ ಭಾಗ ತುಂಬಾ ಮೆತ್ತಗಿದ್ದು, ಹೊರಗಿನ ಭಾಗ ಗಟ್ಟಿಯಾಗಿದ್ದರೆ ಏನಾಗುತ್ತೆ? ಇದಕ್ಕೆ ಒಳ್ಳೆ ಉದಾಹರಣೆ ಅಮೆರಿಕದ ಹವ್ಯಾಸಿ ಶೂಟರ್‌ಗಳ ಗ್ಯಾರೇಜ್‌ನಲ್ಲಿ ಸಿಗುತ್ತೆ. ಅದರ ಹೆಸರು ರೀಲೋಡಿಂಗ್.

ಅಲ್ಲಿ ಟಾರ್ಗೆಟ್ ಶೂಟಿಂಗ್ ಮಾಡೋರು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು ಎಸೆಯಲ್ಲ. ಅದನ್ನು ಮತ್ತೆ ಸರಿಯಾದ ಅಳತೆಗೆ ತಂದು, ಹೊಸ ಪ್ರೈಮರ್, ಪೌಡರ್, ಗುಂಡು ಹಾಕಿ ಬಳಸ್ತಾರೆ. ಖರ್ಚು ಉಳಿಸೋಕೆ ಅಚ್ಚಿನಲ್ಲಿ ಎರಕ ಹೊಯ್ದ ಸೀಸದ ಗುಂಡನ್ನೇ ತುಂಬಾ ಜನ ಉಪಯೋಗಿಸೋದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಹಾಗಾಗಿ ಇದು ಓದೋಕೆ ಮಾತ್ರ, ನಮ್ಮ ವರ್ಕ್‌ಶಾಪಿಗೆ ಅಲ್ಲ. ಆದರೆ ಇದರೊಳಗಿನ ಮೆಕ್ಯಾನಿಕ್ಸ್ ನಮ್ಮದೇ ಸಿಲಬಸ್ಸು.

ಡೈ ಒಳಗೆ ಏನಿದೆ?

ಮೆಟೀರಿಯಲ್ ಸೈನ್ಸ್‌ನಲ್ಲಿ 70% ತಾಮ್ರ, 30% ಸತು ಇರೋ ಮಿಶ್ರಲೋಹಕ್ಕೆ ‘ಕಾರ್ಟ್ರಿಜ್ ಬ್ರಾಸ್’ ಅಂತ ಓದ್ತೀವಲ್ಲ, ಆ ಹೆಸರು ಬಂದಿದ್ದೇ ಈ ಕೇಸ್‌ನಿಂದ. ಮೊದಲನೇ ಡೈ ಈ ಕೇಸನ್ನು ಒತ್ತಿ, ಒಳವ್ಯಾಸ ಗುಂಡಿಗಿಂತ ಕೆಲವು ಸಾವಿರದಂಶ ಇಂಚು ಕಡಿಮೆ ಆಗೋ ಹಾಗೆ ಮಾಡುತ್ತೆ. ಎರಡನೆಯದು ಬಾಯಿಯನ್ನು ಸ್ವಲ್ಪ ಅಗಲ ಮಾಡುತ್ತೆ. ಮೂರನೆಯದು ಸೀಟಿಂಗ್ ಡೈ. ಗುಂಡನ್ನು ಎಷ್ಟು ಬೇಕೋ ಅಷ್ಟೇ ಆಳಕ್ಕೆ ಕೂರಿಸೋದು ಇದರ ಕೆಲಸ.

ಸೀಟಿಂಗ್ ಡೈನಲ್ಲಿ ಎರಡು ಅಡ್ಜಸ್ಟ್‌ಮೆಂಟ್ ಇರುತ್ತೆ. ಹೊರಗಿನ ಬಾಡಿಯನ್ನು ಪ್ರೆಸ್‌ಗೆ ತಿರುಗಿಸಿ ಕೂರಿಸ್ತಾರೆ. ಅದರ ಒಳಗೆ ಒಂದು ಕಡೆ ಕೇಸಿನ ಬಾಯನ್ನು ಒಳಕ್ಕೆ ಮಡಚುವ ಅಂಚು ಇರುತ್ತೆ. ಈ ಮಡಚುವಿಕೆಗೆ ಕ್ರಿಂಪ್ ಅಂತಾರೆ. ಬಾಡಿಯ ಮಧ್ಯದಲ್ಲಿ ಇನ್ನೊಂದು ಸ್ಕ್ರೂ ಇದೆ, ಅದೇ ಸೀಟಿಂಗ್ ಸ್ಟೆಮ್. ಗುಂಡಿನ ಮೂತಿಯನ್ನು ತಳ್ಳೋದು ಅದು. ಸಾಮಾನ್ಯವಾಗಿ ಬಾಡಿಯ ಥ್ರೆಡ್ 7/8 ಇಂಚು, ಇಂಚಿಗೆ 14 ಎಳೆ. ಅಂದ್ರೆ ಒಂದು ಪೂರ್ತಿ ಸುತ್ತಿಗೆ ಬಾಡಿ 1.81 ಮಿ.ಮೀ. ಇಳಿಯುತ್ತೆ. 0.1 ಮಿ.ಮೀ. ಬದಲಾಗಬೇಕು ಅಂದ್ರೆ ಸುಮಾರು 20 ಡಿಗ್ರಿ ತಿರುಗಿಸಿದರೆ ಸಾಕು. ಸ್ಟೆಮ್ಮಿನ ಥ್ರೆಡ್ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ.

0.1 ಮಿ.ಮೀ.ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಗುಂಡು ಆಳಕ್ಕೆ ಹೋದಷ್ಟೂ ಪೌಡರ್‌ಗೆ ಉಳಿಯೋ ಜಾಗ ಕಡಿಮೆ, ಹಾರಿಸಿದಾಗ ಒತ್ತಡ ಜಾಸ್ತಿ. 9 ಮಿ.ಮೀ. ಪಿಸ್ತೂಲಿನ ಕೇಸ್ ಚಿಕ್ಕದು, ಅದರಲ್ಲಿ ಸ್ವಲ್ಪ ವ್ಯತ್ಯಾಸವೂ ದೊಡ್ಡ ಪರಿಣಾಮ ಮಾಡುತ್ತೆ. ತೀರಾ ಹೆಚ್ಚಾದರೆ ಗನ್ ಒಡೆಯಬಹುದು, ಹಿಡಿದವರ ಕೈಗೂ ಕಣ್ಣಿಗೂ ಅಪಾಯ. ಗುಂಡು ಹೊರಗೆ ಉದ್ದ ಉಳಿದರೆ ಮ್ಯಾಗಜಿನ್‌ಗೆ ಹಿಡಿಸಲ್ಲ, ಇಲ್ಲವೇ ಬ್ಯಾರೆಲ್‌ನ ರೈಫ್ಲಿಂಗ್‌ಗೆ ತಾಗಿ ನಿಲ್ಲುತ್ತೆ. ಅದಕ್ಕೇ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ಪ್ರತಿ ಕಾರ್ಟ್ರಿಜ್‌ಗೂ ಗರಿಷ್ಠ ಒಟ್ಟು ಉದ್ದ ನಿಗದಿ ಮಾಡಿದೆ: .45 ಎಸಿಪಿಗೆ 1.275 ಇಂಚು, .38 ಸ್ಪೆಷಲ್‌ಗೆ 1.550 ಇಂಚು.

ಸೀಸ ತರುವ ತಲೆನೋವು

ತಾಮ್ರದ ಕವಚ ಇರೋ ಗುಂಡು ಸ್ವಲ್ಪ ತಪ್ಪನ್ನು ಸಹಿಸಿಕೊಳ್ಳುತ್ತೆ, ಸೀಸ ಸಹಿಸಲ್ಲ. ಶುದ್ಧ ಸೀಸದ ಬ್ರಿನೆಲ್ ಹಾರ್ಡ್‌ನೆಸ್ ಸುಮಾರು 5. ತವರ, ಆಂಟಿಮನಿ ಸೇರಿಸಿದರೂ ಸಾಮಾನ್ಯವಾಗಿ 12ರಿಂದ 15ರ ಹತ್ತಿರ.

ಮೊದಲನೆಯದು ಸ್ಟೆಮ್ಮಿನ ಆಕಾರ. ಉರುಟು ಮೂತಿಯ ಗುಂಡಿಗೂ ಚಪ್ಪಟೆ ಮೂತಿಯ ಸೆಮಿ-ವಾಡ್‌ಕಟರ್ ಗುಂಡಿಗೂ ಒಂದೇ ಸ್ಟೆಮ್ ಆಗಲ್ಲ. ಹೊಂದಾಣಿಕೆ ಇಲ್ಲದಿದ್ದರೆ ತಳ್ಳುವ ಬಲವೆಲ್ಲ ಒಂದು ಸಣ್ಣ ಉಂಗುರದ ಮೇಲೆ ಬೀಳುತ್ತೆ. ಮೂತಿ ಜಜ್ಜಿ, ಗುಂಡು ಓರೆಯಾಗಿ ಕೂರುತ್ತೆ. ಪ್ರತಿ ಸಲ ಜಜ್ಜಿದ್ದು ಬೇರೆ ಬೇರೆ ಆದ್ದರಿಂದ ಉದ್ದವೂ ಒಂದೇ ಸಮ ಬರಲ್ಲ.

ಎರಡನೆಯದು ಹೆರೆಯೋದು. ಕೇಸಿನ ಬಾಯಿ ಸಾಕಷ್ಟು ಅಗಲ ಆಗಿರದಿದ್ದರೆ ಅದರ ಅಂಚು ತುರಿಯುವ ಮಣೆ ಥರ ಸೀಸವನ್ನು ಕೆತ್ತುತ್ತೆ. ಆ ಚೂರು ಬಾಯಿಯ ಸುತ್ತ ನಿಂತು ಕಾರ್ಟ್ರಿಜ್ ಛೇಂಬರ್‌ಗೆ ಪೂರ್ತಿ ಹೋಗಲ್ಲ. ಪ್ರೆಸ್ ಫಿಟ್ ಮಾಡುವಾಗ ಶಾಫ್ಟ್ ತುದಿಗೆ ಛೇಂಫರ್ ಕೊಡೋದು ಯಾಕೆ ಅಂತ ಇಲ್ಲಿ ಕಣ್ಣಿಗೆ ಕಾಣುತ್ತೆ.

ಮೂರನೆಯದು ಮೇಣ. ಸೀಸದ ಗುಂಡಿಗೆ ಹಚ್ಚುವ ಲ್ಯೂಬ್ ನಿಧಾನಕ್ಕೆ ಸ್ಟೆಮ್ಮಿನ ಒಳಗೆ ಮೆತ್ತಿಕೊಳ್ಳುತ್ತೆ. ಯಾರೂ ಸ್ಕ್ರೂ ಮುಟ್ಟಿರಲ್ಲ, ಆದರೂ ಗುಂಡು ಒಂದೊಂದಾಗಿ ಇನ್ನಷ್ಟು ಆಳಕ್ಕೆ ಹೋಗ್ತಾ ಇರುತ್ತೆ. ಆಗಾಗ ಕ್ಯಾಲಿಪರ್‌ನಲ್ಲಿ ಅಳೆಯೋದು, ಸ್ಟೆಮ್ ಬಿಚ್ಚಿ ಒರೆಸೋದು ಬಿಟ್ಟರೆ ಇದಕ್ಕೆ ಬೇರೆ ದಾರಿ ಇಲ್ಲ.

ಕೂರಿಸೋದು ಒಂದು, ಕ್ರಿಂಪ್ ಇನ್ನೊಂದು

.38 ಸ್ಪೆಷಲ್ ರಿವಾಲ್ವರಿನದು. ಇದರ ಕೇಸ್ ತಳದಲ್ಲಿ ಅಂಚು ಇದೆ, ಅದರ ಮೇಲೆ ಕಾರ್ಟ್ರಿಜ್ ನಿಲ್ಲುತ್ತೆ. ಹಾಗಾಗಿ ಬಾಯಿಯನ್ನು ಗುಂಡಿನ ಗಾಡಿಯೊಳಕ್ಕೆ ಚೆನ್ನಾಗಿ ಮಡಚಬಹುದು, ಇದು ರೋಲ್ ಕ್ರಿಂಪ್. ಇದು ಸಡಿಲ ಇದ್ದರೆ ಒಂದು ಗುಂಡು ಹಾರಿಸಿದ ಜರ್ಕ್‌ಗೆ ಉಳಿದ ಗುಂಡುಗಳು ಜಡತ್ವದಿಂದ ಮುಂದೆ ಸರಿದು ಸಿಲಿಂಡರ್ ಸಿಕ್ಕಿಹಾಕಿಕೊಳ್ಳುತ್ತೆ. .45 ಎಸಿಪಿ ಹಾಗಲ್ಲ, ಅದು ಛೇಂಬರ್‌ನಲ್ಲಿ ನಿಲ್ಲೋದೇ ಕೇಸಿನ ಬಾಯಿಯ ಮೇಲೆ. ಬಾಯಿ ಪೂರ್ತಿ ಮಡಚಿದರೆ ನಿಲ್ಲೋಕೆ ಆಧಾರವೇ ಇಲ್ಲ. ಅದಕ್ಕೆ ಬರೀ ಅಗಲ ಮಾಡಿದ್ದನ್ನು ನೇರ ಮಾಡುವ ಟೇಪರ್ ಕ್ರಿಂಪ್ ಸಾಕು.

ಒಂದೇ ಡೈ ಒಂದೇ ಸ್ಟ್ರೋಕ್‌ನಲ್ಲಿ ಎರಡೂ ಕೆಲಸ ಮಾಡಿದರೆ, ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಮುಚ್ಚೋಕೆ ಶುರುವಾಗುತ್ತೆ. ಗಾಡಿ ಇಲ್ಲದ ಮೆತ್ತನೆ ಸೀಸಕ್ಕೆ ಇದು ನೇಗಿಲು ಹೊಡೆದ ಹಾಗೆ. ಅದಕ್ಕೇ ಅನುಭವ ಇರೋರು ಕ್ರಿಂಪ್‌ಗೆ ಬೇರೆ ಡೈ ಇಡ್ತಾರೆ. ಆದರೆ ಕ್ರಿಂಪ್ ಅತಿಯಾದರೂ ಕಷ್ಟವೇ. .45ರಲ್ಲಿ ಸೀಸದ ಗುಂಡು .452 ಇಂಚು, ಕವಚದ್ದು .451. ಆ ಸಾವಿರದಂಶ ಇಂಚು ಬೇಕಂತಲೇ ಇಟ್ಟಿರೋದು. ಕೇಸ್ ಒತ್ತಿ ಗುಂಡು ಸಣ್ಣದಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಬ್ಯಾರೆಲ್ ಒಳಗೆಲ್ಲ ಸೀಸ ಮೆತ್ತುತ್ತೆ.

ಸೆಟ್ ಮಾಡುವ ಕ್ರಮ

ಪ್ರೈಮರ್, ಪೌಡರ್ ಎರಡೂ ಇಲ್ಲದ ಡಮ್ಮಿ ಕೇಸ್‌ನಲ್ಲೇ ಸೆಟ್ಟಿಂಗ್ ಮಾಡೋದು ಪದ್ಧತಿ. ಮೊದಲು ಸ್ಟೆಮ್ ಪೂರ್ತಿ ಮೇಲೆ. ಖಾಲಿ ಕೇಸನ್ನು ಪ್ರೆಸ್‌ನಲ್ಲಿ ಮೇಲಕ್ಕೆತ್ತಿ, ಬಾಡಿಯನ್ನು ಕ್ರಿಂಪ್ ಅಂಚು ತಾಗುವವರೆಗೆ ಇಳಿಸಿ, ಅಲ್ಲಿಂದ ಅರ್ಧದಿಂದ ಒಂದು ಸುತ್ತು ಹಿಂದೆ ತಂದು ಲಾಕ್ ಮಾಡ್ತಾರೆ. ಈಗ ಕ್ರಿಂಪ್ ಆಗಲ್ಲ. ಆಮೇಲೆ ಗುಂಡು ಇಟ್ಟು, ಸ್ಟೆಮ್ ಸ್ವಲ್ಪ ಸ್ವಲ್ಪ ಇಳಿಸ್ತಾ, ಪ್ರತಿ ಸಲ ಉದ್ದ ಅಳೀತಾ, ಬೇಕಾದ ಅಳತೆಗೆ ಬರ್ತಾರೆ. ಕ್ರಿಂಪ್ ಆಮೇಲೆ, ಬೇರೆ ಡೈನಲ್ಲಿ. ಕೊನೆಗೆ ಬಿಚ್ಚಿದ ಬ್ಯಾರೆಲ್ ಒಳಗೆ ಡಮ್ಮಿ ಬಿಡ್ತಾರೆ. ‘ಟಕ್’ ಅಂತ ಬಿದ್ದು, ತಿರುಗಿಸಿದಾಗ ತಾನಾಗೇ ಹೊರಬಂದರೆ ಸರಿ.

ಡೈ ಆರಿಸುವಾಗ ನೋಡೋದೂ ಇದನ್ನೇ: ಗುಂಡಿನ ಮೂತಿಗೆ ಸರಿಯಾದ ಸ್ಟೆಮ್ ಸಿಗುತ್ತಾ, ತೊಳೆಯೋಕೆ ಸುಲಭವಾಗಿ ಬಿಚ್ಚಬಹುದಾ. ಹಾರ್ನಡಿ ಕಂಪನಿಯ ಡೈಗಳಲ್ಲಿ ಗುಂಡನ್ನು ನೇರ ಹಿಡಿಯುವ ಜಾರುವ ಸ್ಲೀವ್ ಇದೆ. ರೆಡ್ಡಿಂಗ್‌ನ ಕಾಂಪಿಟಿಷನ್ ಡೈಗೆ ಮೈಕ್ರೋಮೀಟರ್ ತಲೆ ಇದೆ. ಬೇರೆ ಬೇರೆ ಗುಂಡು ಬಳಸೋರಿಗೆ ಹಳೆ ಸೆಟ್ಟಿಂಗ್‌ಗೆ ವಾಪಸ್ ಬರೋಕೆ ಅದು ಅನುಕೂಲ.

ಒಂದು ಸೆಟ್ಟಿಂಗ್ ಒಂದೇ ಜೋಡಿಗೆ ಸೀಮಿತ ಅನ್ನೋದು ಮುಖ್ಯ. ಗುಂಡಿನ ಅಚ್ಚು ಬದಲಾದರೆ, ಮಿಶ್ರಲೋಹ ಬದಲಾದರೆ, ಕೇಸ್ ಸ್ವಲ್ಪ ಉದ್ದ ಇದ್ದು ಕ್ರಿಂಪ್ ಹೆಚ್ಚಾದರೆ, ಮತ್ತೆ ಡಮ್ಮಿಯಿಂದಲೇ ಶುರು. ನಮ್ಮ ಲ್ಯಾಬಿನಲ್ಲಿ ಬುಷ್ ಪ್ರೆಸ್ ಮಾಡುವಾಗಲೂ ಲೆಕ್ಕ ಇದೇ. ಡ್ರಾಯಿಂಗ್‌ನಲ್ಲಿರೋ ಟಾಲರೆನ್ಸ್ ನೋಡೋ ಮೊದಲು, ಎರಡರಲ್ಲಿ ಯಾವುದು ಮೆತ್ತಗಿದೆ ಅಂತ ಕೇಳಿಕೊಳ್ಳಿ.