ಹರಕೆ ಮತ್ತು ಚಿಕಿತ್ಸೆ

(ಬಾನುಲಿ ಭಾಷಣದ ಬರಹರೂಪ)

ಮಗುವಿನ ಮಾತು ತಡವಾದರೆ ನಮ್ಮ ಯಳಂದೂರು ಸೀಮೆಯಲ್ಲಿ ಮೊದಲು ಕೇಳಿಬರುವುದು ಬಜೆಯ ಹೆಸರು. ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು, ತೊಟ್ಟು ಜೇನು ಬೆರೆಸಿ ಸವರಿದರೆ ನಾಲಿಗೆ ತಿರುಗುತ್ತದೆ ಎಂಬುದು ಅಜ್ಜಿಯರ ನಂಬಿಕೆ. ಅದರಿಂದ ಫಲ ಕಾಣದಿದ್ದರೆ ದೃಷ್ಟಿ ತೆಗೆಸುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಆಮೇಲೆ ಬಿಳಿಗಿರಿರಂಗನಿಗೋ ಮಲೆಯ ಮಾದಪ್ಪನಿಗೋ ಮುಡಿ ಕೊಡುವ ಹರಕೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಗೆ ಹೋಗಿಬರುವ ಸಂಕಲ್ಪ. ತಡವಾಗಿ ಮಾತು ಕಲಿಯುವ ಮಕ್ಕಳಲ್ಲಿ ಬಹುಮಂದಿ ಕಾಲಕ್ರಮದಲ್ಲಿ ತಾವಾಗಿಯೇ ಮಾತನಾಡುತ್ತಾರೆ. ಆಗ ಬಜೆಗೆ ಕೀರ್ತಿ ಬರುತ್ತದೆ, ಹರಕೆ ಸಂದಾಯವಾಗುತ್ತದೆ, ಮನೆಯವರು ಹಗುರಾಗುತ್ತಾರೆ.

ಆದರೆ ಕೆಲವು ಮಕ್ಕಳ ವಿಷಯ ಬೇರೆ. ಅಲ್ಲಿ ತಡವಾಗಿರುವುದು ಮಾತೊಂದೇ ಅಲ್ಲ. ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುವುದಿಲ್ಲ. ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸುವುದಿಲ್ಲ, ತಾಯಿಯ ಕೈಯನ್ನೇ ಹಿಡಿದು ಅದರ ಮೇಲಿಡುತ್ತದೆ. ಆಟದ ಬಂಡಿಯನ್ನು ಓಡಿಸುವ ಬದಲು ಅದರ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತದೆ. ಕುಕ್ಕರಿನ ಸಿಳ್ಳಿಗೆ ಕಿವಿ ಮುಚ್ಚಿ ಚೀರುತ್ತದೆ. ದಿನದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕರೆದೊಯ್ದರೆ ಬೀದಿಯಲ್ಲೇ ಹೊರಳಾಡುತ್ತದೆ. ಇವುಗಳಲ್ಲಿ ಒಂದೆರಡು ಲಕ್ಷಣ ಎಲ್ಲ ಮಕ್ಕಳಲ್ಲೂ ಕಾಣಬಹುದು. ಅನೇಕ ಲಕ್ಷಣಗಳು ಒಟ್ಟಾಗಿ, ಬಹುಕಾಲ ನಿಂತರೆ ವೈದ್ಯರು ಅದನ್ನು ಆಟಿಸಂ ಎಂದು ಗುರುತಿಸುತ್ತಾರೆ. ಜಗತ್ತಿನಲ್ಲಿ ಸುಮಾರು 127 ಮಂದಿಯಲ್ಲಿ ಒಬ್ಬರು ಈ ಬಗೆಯವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜು. ಎಂದರೆ ಯಾವ ಊರೂ ಇದಕ್ಕೆ ಹೊರತಲ್ಲ.

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಮಾತನ್ನು ಬಳಸುತ್ತಿದ್ದೇವೆ. ಗ್ರೀಕಿನ ‘ಆಟೋಸ್’ ಎಂದರೆ ತಾನು. ಅದರಿಂದ ಆಟಿಸಂ ಬಂತು. ತನ್ನಲ್ಲಿ ತಾನು ಲೀನವಾಗಿರುವುದು ಸ್ವಲೀನತೆ. ಪದ ಸೊಗಸಾಗಿದೆ, ಆದರೆ ಅರ್ಧ ಮಾತ್ರ ನಿಜ. ಇಂಥ ಮಗು ಜಗತ್ತನ್ನು ತೊರೆದು ಒಳಗೆ ಕುಳಿತ ಯೋಗಿಯಲ್ಲ. ಹಲವು ವೇಳೆ ಅದಕ್ಕೆ ಜಗತ್ತು ನಮಗಿಂತ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ, ಹೆಚ್ಚು ಪ್ರಖರವಾಗಿ ಕಾಣಿಸುತ್ತದೆ. ನಮ್ಮ ಕಡೆಗೆ ಬರುವ ಅದರ ದಾರಿ ಬೇರೆ, ಅಷ್ಟೆ. ಇದು ಹೊರಗಿನಿಂದ ಬಂದು ಸೇರಿದ ಜ್ವರದಂಥ ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ. ಆದ್ದರಿಂದ ಅದನ್ನು ‘ಇಳಿಸುವ’ ಔಷಧಿ ಇಲ್ಲ. ಕಲಿಸುವ ದಾರಿಗಳಿವೆ. ಮುಂದೆ ಹೇಳುವುದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿ ಲೋಕಕ್ಕೆ ಪರಿಚಿತವಾಯಿತು. ಆ ಪ್ರಬಂಧದಲ್ಲೇ ತಂದೆತಾಯಿಗಳು ಹೃದಯದ ಬೆಚ್ಚನೆ ಕಡಿಮೆಯುಳ್ಳವರು ಎಂಬರ್ಥದ ಮಾತೊಂದು ನುಸುಳಿತ್ತು. ಅದು ಬೆಳೆದು, ತಾಯಿಯ ತಣ್ಣನೆಯ ಸ್ವಭಾವವೇ ಮಗುವನ್ನು ಹೀಗೆ ಮಾಡಿತು ಎಂಬ ಸಿದ್ಧಾಂತವಾಯಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದನ್ನು ದೊಡ್ಡ ಪುಸ್ತಕವನ್ನಾಗಿಯೇ ಹರಡಿದ. ಎಷ್ಟು ತಾಯಂದಿರು ಈ ಕಳಂಕವನ್ನು ಹೊತ್ತು ಬದುಕಿದರೋ ಲೆಕ್ಕವಿಲ್ಲ. 1969ರಲ್ಲಿ ಕ್ಯಾನರ್ ತಾನೇ ಪೋಷಕರ ಸಭೆಯೊಂದರಲ್ಲಿ ನಿಂತು, ನೀವು ನಿರ್ದೋಷಿಗಳು ಎಂದು ಸಾರಬೇಕಾಯಿತು. 1977ರಲ್ಲಿ ಲಂಡನ್ನಿನ ವಿದ್ವಾಂಸರು 21 ಜೋಡಿ ಅವಳಿಗಳನ್ನು ಪರೀಕ್ಷಿಸಿ, ಇದರಲ್ಲಿ ಅನುವಂಶಿಕತೆಯ ಪಾತ್ರ ದೊಡ್ಡದೆಂದು ತೋರಿಸಿದ ಮೇಲೆ ಆ ಸಿದ್ಧಾಂತ ಕುಸಿಯುತ್ತ ಬಂತು.

ಪಂಡಿತರ ಲೋಕದಲ್ಲಿ ಕುಸಿದದ್ದು ನಮ್ಮ ಜಗಲಿಗಳಲ್ಲಿ ಇನ್ನೂ ಕುಸಿದಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಮಗುವನ್ನು ಬಿಟ್ಟು ಕೆಲಸಕ್ಕೆ ಹೋದಳು, ಮೊಬೈಲು ಕೊಟ್ಟು ಕೂರಿಸಿದಳು ಎಂದು ಬೆರಳು ತಿರುಗುವುದು ತಾಯಿಯ ಕಡೆಗೇ. ಯಳಂದೂರಿನಲ್ಲಿ ಹುಟ್ಟಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಮುನ್ನೂರು ವರ್ಷಗಳ ಹಿಂದೆ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ನಡೆಯನ್ನು ಬೋಧಿಸುವ ಆ ಕಾವ್ಯದಲ್ಲಿಯೂ ಹೆಣ್ಣನ್ನು ಹಳಿಯುವವರನ್ನು ಆಕೆ ನೇರವಾಗಿ ಪ್ರಶ್ನಿಸದೆ ಬಿಡಲಿಲ್ಲ. ಅವಳ ಊರಿನವರಾದ ನಾವು ಆ ಪ್ರಶ್ನೆಯನ್ನು ಮರೆಯಬಾರದು. ಏಕೆಂದರೆ ತಪ್ಪು ತನ್ನದೆಂದು ನಂಬಿದ ತಾಯಿ ಪ್ರಾಯಶ್ಚಿತ್ತವನ್ನು ಹುಡುಕುತ್ತಾಳೆ. ಚಿಕಿತ್ಸೆಯ ಸಂತೆಯಲ್ಲಿ ಹೆಚ್ಚು ಮಾರಾಟವಾಗುವ ಸರಕು ಪ್ರಾಯಶ್ಚಿತ್ತವೇ.

ನನ್ನ ಪರಿಚಯದ ತಂದೆಯೊಬ್ಬರಿದ್ದಾರೆ. ಅಕ್ಷರ ಬಲ್ಲವರು, ವಿವೇಕಿಗಳು. ಮಗನಿಗಾಗಿ ಅವರು ನೋಡದ ವೈದ್ಯರಿಲ್ಲ. ಇಷ್ಟೆಲ್ಲ ಏಕೆ ಎಂದು ಕೇಳಿದ್ದಕ್ಕೆ, “ಮೇಷ್ಟ್ರೇ, ಒಂದು ಬಾಗಿಲು ತಟ್ಟದೆ ಬಿಟ್ಟೆ, ಅದೇ ಬಾಗಿಲಲ್ಲಿ ಮದ್ದಿತ್ತು ಅಂತ ಮುಂದೆ ಗೊತ್ತಾದರೆ ನಾನು ಮಗನಿಗೆ ಏನು ಉತ್ತರ ಹೇಳಲಿ?” ಎಂದರು. ಈ ಮಾತಿನ ಮುಂದೆ ಮೂಢನಂಬಿಕೆ ಎಂಬ ಪದ ಬಹಳ ಸಣ್ಣದು. ತಟ್ಟಬೇಕಾದ ಬಾಗಿಲು ಯಾವುದು ಎಂಬುದನ್ನು ಯಾರೂ ಅವರಿಗೆ ಸರಿಯಾಗಿ ತೋರಿಸಿರಲಿಲ್ಲ, ತಟ್ಟಿ ಎಂದು ಹೇಳುವವರು ಮಾತ್ರ ಸಾಕಷ್ಟಿದ್ದರು.

ಆ ಬಾಗಿಲುಗಳ ಸಾಲನ್ನು ಒಮ್ಮೆ ನೋಡೋಣ. ಊರ ಮದ್ದಾದ ಬಜೆಯಲ್ಲಿ ಅಸರೋನ್ ಎಂಬ ದ್ರವ್ಯವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾನಿಕರವೆಂದು ಕಂಡು, 1968ರಲ್ಲಿಯೇ ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಬೆರೆಸುವುದನ್ನು ನಿಷೇಧಿಸಿದರು. ಪುಷ್ಯ ನಕ್ಷತ್ರದ ದಿನ ಕೊಡಿಸುವ ಸ್ವರ್ಣಪ್ರಾಶನ, ಒಂದೆಲಗದ ಲೇಹ್ಯ, ಬಗೆಬಗೆಯ ಭಸ್ಮಗಳು ಮುಂದಿನವು. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದು ಸರಿಯಲ್ಲ.

ಪೇಟೆಯ ಬಾಗಿಲುಗಳು ಇನ್ನೂ ದುಬಾರಿ. ಗೋಧಿಯನ್ನೂ ಹಾಲನ್ನೂ ಬಿಡಿಸುವ ಪಥ್ಯವೊಂದಿದೆ. ರಾಗಿಮುದ್ದೆ ಉಣ್ಣುವ ನಮ್ಮ ಮಕ್ಕಳಿಗೆ ಗೋಧಿ ಬಿಡುವುದು ಕಷ್ಟವಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಈ ಮಕ್ಕಳಲ್ಲಿ ಅನೇಕರು ಮೊದಲೇ ನಾಲ್ಕೈದು ತಿನಿಸುಗಳಿಗಿಂತ ಹೆಚ್ಚು ಮುಟ್ಟುವುದಿಲ್ಲ. ಅದರಲ್ಲೂ ಎರಡನ್ನು ಕಿತ್ತುಕೊಂಡರೆ ಮಗು ಸೊರಗುತ್ತದೆ. ಹಾಲು ಅಥವಾ ಗೋಧಿ ಒಗ್ಗದ ಮಗುವಿನ ಮಾತು ಬೇರೆ. ಪಥ್ಯದಿಂದ ಸ್ವಲೀನತೆ ಹೋಗುತ್ತದೆ ಎಂಬುದಕ್ಕೆ ಭದ್ರವಾದ ಆಧಾರವಿಲ್ಲ.

ರಕ್ತದಿಂದ ಲೋಹವನ್ನು ತೆಗೆಯುತ್ತೇವೆ ಎನ್ನುವ ಚಿಕಿತ್ಸೆ ಇನ್ನೊಂದು. ಲಸಿಕೆಯಿಂದ, ಅದರಲ್ಲಿನ ಪಾದರಸದಿಂದ ಸ್ವಲೀನತೆ ಬರುತ್ತದೆ ಎಂಬ ಭೀತಿಯಿಂದ ಇದು ಬೆಳೆಯಿತು. ದಡಾರದ ಲಸಿಕೆಯನ್ನು ಶಂಕೆಗೆ ಗುರಿಮಾಡಿದವನು ಆಂಡ್ರೂ ವೇಕ್‌ಫೀಲ್ಡ್. 1998ರಲ್ಲಿ 12 ಮಕ್ಕಳನ್ನು ಕುರಿತು ಅವನು ಬರೆದ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವನ ಹೆಸರನ್ನು ತೆಗೆದರು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ಲಸಿಕೆಗೂ ಸ್ವಲೀನತೆಗೂ ನಂಟಿಲ್ಲವೆಂದು ತೋರಿಸಿತು. ಆದರೆ ಭೀತಿ ಪ್ರಬಂಧಕ್ಕಿಂತ ದೀರ್ಘಾಯು. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕನೊಬ್ಬ ಈ ಲೋಹ ತೆಗೆಯುವ ಮದ್ದನ್ನು ರಕ್ತನಾಳಕ್ಕೆ ಕೊಟ್ಟಾಗ ತೀರಿಕೊಂಡ. ಒಂದು ಬಾಗಿಲಲ್ಲಿ ಲೋಹವಿರುವ ಭಸ್ಮ, ಮುಂದಿನ ಬಾಗಿಲಲ್ಲಿ ಲೋಹ ತೆಗೆಯುವ ಸೂಜಿ. ಎರಡಕ್ಕೂ ಒಳಗಾಗುವುದು ಒಂದೇ ಎಳೆಯ ದೇಹ.

ಎಲ್ಲಕ್ಕಿಂತ ಆಧುನಿಕವಾದುದು ಕಾಂಡಕೋಶದ ಚಿಕಿತ್ಸೆ. ನಮ್ಮ ದೇಶದ ನಗರಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಪಡೆದು ಇದನ್ನು ಕೊಡುತ್ತ ಬಂದಿದ್ದಾರೆ. ಸ್ವಲೀನತೆಗೆ ಇದನ್ನು ಚಿಕಿತ್ಸೆಯೆಂದು ಸೂಚಿಸಲಾಗದು, ಹಾಗೆ ಪ್ರಚಾರ ಮಾಡುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಕೆಲವು ತಂದೆತಾಯಿಗಳು ಅಂಗವೈಕಲ್ಯವುಳ್ಳ ತಮ್ಮ ಮಕ್ಕಳನ್ನು ಗುಂಡಿಯಲ್ಲಿ ನಿಲ್ಲಿಸಿ ಕುತ್ತಿಗೆಯವರೆಗೆ ಮಣ್ಣು ಮುಚ್ಚಿದರು. ಗ್ರಹಣಕಾಲದಲ್ಲಿ ಹಾಗೆ ಹೂಳಿದರೆ ವೈಕಲ್ಯ ಹೋಗುತ್ತದೆ ಎಂಬ ನಂಬಿಕೆ. ಅಳುವ ಆ ಮಕ್ಕಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡು ಓದಿದವರೆಲ್ಲ ಮರುಗಿದರು, ಸಿಟ್ಟಾದರು. ನ್ಯಾಯವೇ. ಆದರೆ ಕಾಂಡಕೋಶಕ್ಕಾಗಿ ಹೊಲ ಮಾರುವ ತಂದೆಯನ್ನು ಕಂಡು ನಾವು ಹಾಗೆ ಸಿಟ್ಟಾಗುವುದಿಲ್ಲ. ಅಲ್ಲಿ ಬಿಳಿಯ ಅಂಗಿ ಇದೆ, ರಸೀದಿ ಇದೆ. ಮಗುವಿನ ಕಡೆಯಿಂದ ನೋಡಿದರೆ ಮಣ್ಣಿನ ಗುಂಡಿಗೂ ಆಧಾರವಿಲ್ಲದ ಸೂಜಿಗೂ ಬಹಳ ಅಂತರವಿಲ್ಲ.

ಹಾಗಾದರೆ ‘ಗುಣ ಕಂಡಿತು’ ಎಂದು ಇಷ್ಟು ಮಂದಿ ಪ್ರಾಮಾಣಿಕವಾಗಿ ಹೇಳುವುದೇಕೆ? ಇದಕ್ಕೆ ಸೆಕ್ರೆಟಿನ್ ಎಂಬ ಔಷಧಿಯ ಕಥೆಗಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು. ಇದು ಜೀರ್ಣಕ್ರಿಯೆಗೆ ಸಂಬಂಧಿಸಿದ ಹಾರ್ಮೋನು. 1998ರಲ್ಲಿ ಮೂವರು ಮಕ್ಕಳಿಗೆ ಇದರಿಂದ ಮಾತು ಚೇತರಿಸಿತೆಂಬ ವರದಿ ಬಂದದ್ದೇ ತಡ, ಅಮೆರಿಕದಲ್ಲಿ ಪೋಷಕರು ಮುಗಿಬಿದ್ದರು. 1999ರಲ್ಲಿ ವೈದ್ಯರು 60 ಮಕ್ಕಳನ್ನು ಆರಿಸಿ, ಕೆಲವರಿಗೆ ಸೆಕ್ರೆಟಿನ್, ಉಳಿದವರಿಗೆ ಬರಿಯ ಉಪ್ಪುನೀರು ಚುಚ್ಚಿದರು. ಯಾರಿಗೆ ಯಾವುದು ಎಂಬುದು ಪೋಷಕರಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ನಾಲ್ಕು ವಾರಗಳ ಮೇಲೆ ನೋಡಿದರೆ ಮಕ್ಕಳ ಅಂಕಗಳು ಸುಧಾರಿಸಿದ್ದವು, ಆದರೆ ಎರಡು ಗುಂಪಿನಲ್ಲಿಯೂ! ಉಪ್ಪುನೀರಿಗಿಂತ ಔಷಧಿ ಯಾವ ಅಳತೆಯಲ್ಲಿಯೂ ಮೇಲಾಗಿರಲಿಲ್ಲ.

ಉಪ್ಪುನೀರು ಮಕ್ಕಳನ್ನು ಬದಲಿಸಲಿಲ್ಲ. ಕಾಲವೂ ನಿರೀಕ್ಷೆಯೂ ಸೇರಿ ಆ ಅಂಕಗಳನ್ನು ಬದಲಿಸಿದವು. ಮಗು ಯಾವ ಮದ್ದಿಲ್ಲದೆಯೂ ಬೆಳೆಯುತ್ತಿರುತ್ತದೆ. ನಾವು ಹೊಸ ಚಿಕಿತ್ಸೆಗೆ ಓಡುವುದು ಅದರ ಅತಿ ಕೆಟ್ಟ ದಿನಗಳಲ್ಲಿ. ಕೆಟ್ಟ ದಿನಗಳ ಮುಂದೆ ಸಾಮಾನ್ಯವಾಗಿ ಕೊಂಚ ಒಳ್ಳೆಯ ದಿನಗಳೇ ಬರುತ್ತವೆ. ಕಾತರದಿಂದ ಕಾಯುವ ತಾಯಿ ನಿನ್ನೆ ಗಮನಿಸದಿದ್ದ ನೋಟವೊಂದನ್ನು ಇಂದು ಗಮನಿಸುತ್ತಾಳೆ. ಇನ್ನೊಂದು ಅಂಶ ಹೃದಯ ಕಲಕುವಂಥದು: ಫಲಿತಾಂಶವನ್ನು ತಿಳಿಸಿದ ಮೇಲೆಯೂ ಆ ಪೋಷಕರಲ್ಲಿ ನೂರಕ್ಕೆ 69 ಮಂದಿ, ತಮ್ಮ ಮಗುವಿಗೆ ಸೆಕ್ರೆಟಿನ್ ಕೊಡಿಸುವ ಆಸಕ್ತಿ ಇನ್ನೂ ಇದೆ ಎಂದರು. ಅವರು ತರ್ಕ ತಿಳಿಯದವರಾಗಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗಲಾರದವರಾಗಿದ್ದರು.

ಇಲ್ಲಿ ನಾನು ಹರಕೆಗೂ ಚಿಕಿತ್ಸೆಗೂ ನಡುವೆ ಒಂದು ಗೆರೆ ಎಳೆಯಲು ಬಯಸುತ್ತೇನೆ. ಹರಕೆ ಹೊರುವವರು ತಂದೆತಾಯಿಗಳು. ದಣಿದ ಮನಸ್ಸಿಗೆ ಬೆಟ್ಟ ಹತ್ತುವುದರಿಂದ, ಭಾರವನ್ನು ದೇವರ ಮುಂದೆ ಇಳಿಸುವುದರಿಂದ ಸಮಾಧಾನ ದೊರೆಯುವುದಾದರೆ ಬೇಡವೆನ್ನಲು ನಾವು ಯಾರು? ಆ ಸಮಾಧಾನ ಮಗುವನ್ನು ಸಲಹಲು ಬೇಕಾದ ತಾಳ್ಮೆಯೂ ಆಗಬಹುದು. ಆದರೆ ಚಿಕಿತ್ಸೆಯನ್ನು ಹೊರುವುದು ಮಗು. ಕಹಿಯನ್ನು ನುಂಗುವುದು ಅದರ ನಾಲಿಗೆ, ಸೂಜಿ ಇಳಿಯುವುದು ಅದರ ತೋಳಿಗೆ. ಆದ್ದರಿಂದ ಹರಕೆಯನ್ನು ನಂಬಿಕೆಯಿಂದ ಅಳೆಯಬಹುದು. ಚಿಕಿತ್ಸೆಯನ್ನು ಪುರಾವೆಯಿಂದಲೇ ಅಳೆಯಬೇಕು. ಹರಕೆಯೇ ಮಗುವಿನ ದೇಹದ ಮೇಲೆ ಬಂದಾಗ, ಗ್ರಹಣದ ಗುಂಡಿಯಂತೆ, ಅದೂ ಅದೇ ಪರೀಕ್ಷೆಗೆ ನಿಲ್ಲಬೇಕು.

ಯಾರೇ ಹೊಸ ಮದ್ದು ಹೇಳಲಿ, ಕೆಲವು ಪ್ರಶ್ನೆಗಳನ್ನು ಕೇಳಬಹುದು. ಇದನ್ನು ಕೊಟ್ಟ ಮಕ್ಕಳನ್ನು ಕೊಡದ ಮಕ್ಕಳೊಡನೆ ಹೋಲಿಸಿ ನೋಡಿದ್ದಾರೆಯೇ? ಇದರಲ್ಲಿ ಏನೇನಿದೆ ಎಂದು ಬರೆದುಕೊಡುವಿರಾ? ಎಷ್ಟು ದಿನದಲ್ಲಿ ಫಲ ಕಾಣದಿದ್ದರೆ ನಿಲ್ಲಿಸಬೇಕು? ಪೂರ್ತಿ ಗುಣವಾಗುತ್ತದೆ ಎಂಬ ಭರವಸೆಯೂ ಮುಂಗಡ ಹಣವೂ ಒಟ್ಟಿಗೆ ಬಂದರೆ, ಎದ್ದು ಬರುವುದು ಲೇಸು. ಹಣ ಹೋದರೆ ಸಂಪಾದಿಸಬಹುದು. ಮಗುವಿನ ಎರಡರಿಂದ ಆರರವರೆಗಿನ ವರ್ಷಗಳು ಹೋದರೆ ಮತ್ತೆ ಬರುವುದಿಲ್ಲ.

ಫಲವಿರುವ ಬಾಗಿಲುಗಳೂ ಇವೆ, ಆದರೆ ಅವು ನಿಧಾನವಾಗಿ ತೆರೆಯುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳ ಬೆಳವಣಿಗೆಯನ್ನು ತಪಾಸಣೆ ಮಾಡುವ ವ್ಯವಸ್ಥೆಯುಂಟು. ಮೊದಲು ಕಿವಿಯ ಪರೀಕ್ಷೆ. ಆಮೇಲೆ ಮಾತು, ಆಟ, ನಿತ್ಯದ ಕೆಲಸಗಳನ್ನು ಸಣ್ಣಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಸುವ ಕ್ರಮ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸ್ವಲೀನತೆಯನ್ನು ಹೆಸರಿಸಿ ಸೇರಿಸಿಕೊಂಡಿದೆ. ಶಾಲೆಯಲ್ಲಿ ಸೇರಿಸಿಕೊಳ್ಳಿ ಎಂದು ಕೇಳುವುದು ಈಗ ಹಕ್ಕು, ಬೇಡಿಕೆಯಲ್ಲ.

ಕೂಲಿಯ ಮನೆಯವರು ವಾರವಾರ ಮೈಸೂರಿಗೆ ಹೋಗಿಬರುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದು. ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಗಂಜಿ. ಇದಕ್ಕೆ ಆಶಾದಾಯಕವಾದ ಉತ್ತರವೊಂದು ಗೋವಾದಿಂದಲೂ ಪಾಕಿಸ್ತಾನದ ರಾವಲ್ಪಿಂಡಿಯಿಂದಲೂ ಬಂದಿದೆ. ಅಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಅವರು ಪೋಷಕರಿಗೆ ಕಲಿಸಿದ್ದು ಸರಳ ವಿಷಯ: ಮಗುವನ್ನು ನಿಮ್ಮ ಆಟಕ್ಕೆ ಎಳೆಯಬೇಡಿ, ಅದರ ಆಟಕ್ಕೆ ನೀವು ಹೋಗಿ; ಅದು ನೋಡುವುದನ್ನು ನೋಡಿ, ಅದನ್ನೇ ಚಿಕ್ಕ ಮಾತಿನಲ್ಲಿ ಹೇಳಿ, ಕಾಯಿರಿ. ಎಲ್ಲ ಅಳತೆಗಳಲ್ಲಿಯೂ ಗೆಲುವಾಗಲಿಲ್ಲ. ಆದರೆ ಪೋಷಕರು ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಸಂವಾದಕ್ಕೆ ತೊಡಗುವುದು ಹೆಚ್ಚಿತು. ಗೋವಾದಲ್ಲಿ ಆದದ್ದು ನಮ್ಮ ಆಶಾ ಕಾರ್ಯಕರ್ತೆಯರಿಂದ ಯಳಂದೂರು, ಕೊಳ್ಳೇಗಾಲ, ಹನೂರುಗಳಲ್ಲಿ ಏಕೆ ಆಗಬಾರದು? ಕೇಳಬೇಕಾದವರು ಕೇಳಿದರೆ ಆಗಬಹುದು.

ಇನ್ನು ಉಳಿದದ್ದು ನಮ್ಮ ಕರ್ತವ್ಯ. ಈ ತಂದೆತಾಯಿಗಳಿಗೆ ಮದ್ದಿನ ಹೆಸರು ಹೇಳುವವರು ನಾವೇ: ನೆಂಟರು, ನೆರೆಯವರು, ಬಸ್ಸಿನಲ್ಲಿ ಪಕ್ಕ ಕುಳಿತವರು. ನಮ್ಮ ಕರುಣೆ ಒಂದು ವಿಳಾಸದ ಚೀಟಿಯಾಗಿ ಅವರ ಕೈ ಸೇರುತ್ತದೆ. ಅದರ ವೆಚ್ಚ ಅವರದು, ನೋವು ಮಗುವಿನದು. ಅದರ ಬದಲು ಒಂದು ಸಂಜೆ ಅವರ ಮನೆಯಲ್ಲಿ ಕುಳಿತು, ತಾಯಿ ನಿಶ್ಚಿಂತೆಯಿಂದ ಊಟ ಮಾಡುವಷ್ಟು ಹೊತ್ತು ಮಗುವಿನ ಜೊತೆ ಇರಬಹುದು. ಮದುವೆಗೆ ಕರೆಯುವಾಗ “ಮಗುವನ್ನೂ ಕರೆತನ್ನಿ” ಎನ್ನಬಹುದು. ಮಗು ಅಲ್ಲಿ ಕಿವಿ ಮುಚ್ಚಿಕೊಂಡು ಕೂಗಿದರೆ ಓಲಗದವರಿಗೆ ಕೊಂಚ ಮೆಲ್ಲಗೆ ಎಂದು ಹೇಳಬಹುದು. ಇದರಿಂದ ಯಾರಿಗೂ ಅಪಾಯವಿಲ್ಲ.